ರೋಗಿಯ ತುತ್ತನ್ನು ಮರೆಯದ ಸಂತ ಕಮಿಲ್ಲಸ್

ಜುಲೈ 14ರಂದು ಧರ್ಮಸಭೆಯು ಸಂತ ಕಮಿಲ್ಲಸ್ ದೆ ಲೆಲ್ಲಿಸ್ ಅವರನ್ನು ಸ್ಮರಿಸುತ್ತದೆ. ರೋಗಿಗಳಿಗೆ, ಆಸ್ಪತ್ರೆಗಳಿಗೆ ಮತ್ತು ದಾದಿಯರಿಗೆ ಇವರು ಪಾಲಕ ಸಂತರು. ಜೂಜಾಡುತ್ತಿದ್ದ ಸಿಪಾಯಿ ಸಂತನಾದ ಕಥೆಯನ್ನು ನಮ್ಮಲ್ಲಿ ಹಲವರು ಪ್ರಸಂಗಗಳಲ್ಲಿ ಕೇಳಿದ್ದೇವೆ. ಆದರೆ ಹಾಸಿಗೆ ಹಿಡಿದವರಿಗೆ ಊಟ ಮಾಡಿಸುವ ಕೆಲಸವನ್ನೂ ಇವರು ಪ್ರಾರ್ಥನೆಯಂತೆ ಮಾಡಿದರು ಎಂಬುದನ್ನು ಅಷ್ಟಾಗಿ ಕೇಳಿಲ್ಲ.

ಕಮಿಲ್ಲಸ್ ಹುಟ್ಟಿದ್ದು 1550ರ ಮೇ 25ರಂದು, ಇಟಲಿಯ ಅಬ್ರುಜ್ಜೊ ಸೀಮೆಯ ಬುಕ್ಕಿಯಾನಿಕೊ ಎಂಬ ಊರಿನಲ್ಲಿ. ತಾಯಿ ಕಮಿಲ್ಲಾಗೆ ಆಗ ಮಕ್ಕಳಾಗುವ ವಯಸ್ಸೇ ಮೀರಿತ್ತು ಎನ್ನುವಷ್ಟು ಪ್ರಾಯ. ತಂದೆ ಸೈನ್ಯದಲ್ಲಿದ್ದವರು, ಮನೆಯಲ್ಲಿ ಇದ್ದದ್ದು ಕಡಿಮೆ. ಮಗ ಹದಿಮೂರು ತುಂಬುವ ಹೊತ್ತಿಗೆ ತಾಯಿ ತೀರಿಕೊಂಡರು. ಆರಡಿಗೂ ಮೀರಿ ಬೆಳೆದ ಹುಡುಗ ತಂದೆಯ ಹಿಂದೆಯೇ ಸೈನ್ಯ ಸೇರಿದರು. ಅಲ್ಲಿ ಕಲಿತದ್ದು ಜಗಳ ಮತ್ತು ಜೂಜು. ಕಾಲಿನಲ್ಲಿ ಒಂದು ಹುಣ್ಣು ಎದ್ದಿತು. ಅದು ಸಾಯುವವರೆಗೂ ವಾಸಿಯಾಗಲಿಲ್ಲ.

ಆ ಹುಣ್ಣೇ ಅವರನ್ನು 1571ರಲ್ಲಿ ರೋಮಿನ ಸಂತ ಯಾಕೋಬರ ಆಸ್ಪತ್ರೆಗೆ ಕರೆತಂದಿತು. ಗುಣವಾಗದ ಕಾಯಿಲೆಯವರಿಗೆಂದೇ ಇದ್ದ ಆಸ್ಪತ್ರೆ ಅದು. ಚಿಕಿತ್ಸೆ ಪಡೆಯುತ್ತಾ ಅಲ್ಲಿಯೇ ಆಳಾಗಿ ದುಡಿದರು. ಆದರೆ ಇಸ್ಪೀಟು ಬಿಡಲಿಲ್ಲ, ಜಗಳವೂ ನಿಲ್ಲಲಿಲ್ಲ. ಕೊನೆಗೆ ಅವರನ್ನು ಹೊರಗೆ ಕಳುಹಿಸಿದರು. 1574ರಲ್ಲಿ ನೇಪಲ್ಸಿನಲ್ಲಿ ಇದ್ದಬದ್ದದ್ದನ್ನೆಲ್ಲ ಜೂಜಿನಲ್ಲಿ ಕಳೆದುಕೊಂಡರು. ಮಾನ್ಫ್ರೆದೋನಿಯಾದಲ್ಲಿ ಚರ್ಚಿನ ಬಾಗಿಲಲ್ಲಿ ಕೈಚಾಚಿ ನಿಂತರು. ಅಲ್ಲಿಂದ ಕಪುಚಿನ್ ಗುರುಗಳ ಮಠದ ಕಟ್ಟಡ ಕೆಲಸಕ್ಕೆ ಕೂಲಿಯಾಗಿ ಸೇರಿದರು. ಉಪವಾಸದ ರುಚಿ ಏನೆಂದು ಅವರಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

1575ರ ಫೆಬ್ರವರಿ 2, ಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದ ದಿನ, ದಾರಿಯಲ್ಲಿಯೇ ಮೊಣಕಾಲೂರಿ ತಮ್ಮ ಪಾಪಗಳಿಗಾಗಿ ಅತ್ತರು. ಕಪುಚಿನ್ ಸಭೆಗೆ ಸೇರಬೇಕೆಂದು ಹೋದರೆ ಕಾಲಿನ ಹುಣ್ಣು ಅಡ್ಡ ಬಂದಿತು. ಮತ್ತೆ ಅದೇ ಆಸ್ಪತ್ರೆಗೆ ಮರಳಿದರು. ಈ ಸಲ ಬಂದವರು ಬೇರೆಯೇ ಮನುಷ್ಯ. ಹಿಂದೆ ಹೊರಗೆ ಹಾಕಿಸಿಕೊಂಡ ಜಾಗದಲ್ಲಿಯೇ ಮುಂದೆ ಮೇಲ್ವಿಚಾರಕರಾದರು.

ಆ ಕಾಲದ ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಹೆಚ್ಚಾಗಿ ಕೂಲಿಯಾಳುಗಳು. ಹೊಟ್ಟೆಪಾಡಿಗೆ ಬಂದವರಿಗೆ ರೋಗಿ ಉಂಡನೋ ಬಿಟ್ಟನೋ ಎಂಬ ಚಿಂತೆ ಎಲ್ಲಿಂದ ಬರಬೇಕು? ಇದನ್ನು ಕಣ್ಣಾರೆ ಕಂಡ ಕಮಿಲ್ಲಸ್‌ಗೆ 1582ರ ಆಗಸ್ಟಿನಲ್ಲಿ ಒಂದು ವಿಚಾರ ಹೊಳೆಯಿತು: ಸಂಬಳಕ್ಕಲ್ಲದೆ ದೇವರ ಪ್ರೀತಿಗಾಗಿ ರೋಗಿಗಳ ಸೇವೆ ಮಾಡುವವರ ಒಂದು ಗುಂಪು ಬೇಕು. ಆಧ್ಯಾತ್ಮಿಕ ಗುರುಗಳಾಗಿದ್ದ ಸಂತ ಫಿಲಿಪ್ ನೇರಿಯವರ ಬಳಿ ಪಾಪನಿವೇದನೆಗೆ ಹೋಗುತ್ತಿದ್ದ ಇವರು, ಮೂವತ್ತು ದಾಟಿದ ಮೇಲೆ ಚಿಕ್ಕ ಹುಡುಗರ ಜೊತೆ ಬೆಂಚಿನಲ್ಲಿ ಕುಳಿತು ಲತೀನ್ ಕಲಿತರು. 1584ರಲ್ಲಿ ಗುರುದೀಕ್ಷೆ ಪಡೆದರು. 1586ರಲ್ಲಿ ಜಗದ್ಗುರು ಐದನೇ ಸಿಕ್ಸ್ತುಸ್ ಅವರು ಈ ಗುಂಪಿಗೆ ಮನ್ನಣೆ ಕೊಟ್ಟರು. ಎದೆಯ ಮೇಲೆ ಕೆಂಪು ಶಿಲುಬೆ ಧರಿಸುವ ಅನುಮತಿಯೂ ದೊರೆಯಿತು. ಇವರೇ ಇಂದಿನ ಕಮಿಲ್ಲಿಯನ್ ಸಭೆಯವರು.

ವತಿಕಾನದ ಪಕ್ಕದಲ್ಲಿರುವ ಪವಿತ್ರಾತ್ಮರ ಆಸ್ಪತ್ರೆಯಲ್ಲಿ ಕಮಿಲ್ಲಸ್ ಹೆಚ್ಚಿನ ಕಾಲ ದುಡಿದರು. ಕೈಯೆತ್ತಲಾರದವರಿಗೆ ತಾವೇ ತಿನ್ನಿಸುತ್ತಿದ್ದರು. ಎಷ್ಟೋ ಸಲ ಹಾಸಿಗೆಯ ಪಕ್ಕದಲ್ಲಿ ಮೊಣಕಾಲೂರಿ ತುತ್ತು ಕೊಡುತ್ತಿದ್ದರು. ಮುಂದೆ ಮಲಗಿರುವವರು ಯೇಸುಸ್ವಾಮಿಯೇ ಎಂದು ಭಾವಿಸಿ, ಅವರ ಬಳಿಯೇ ತಮ್ಮ ಪಾಪಗಳಿಗೆ ಕ್ಷಮೆ ಕೇಳುತ್ತಿದ್ದದ್ದೂ ಉಂಟು. ಸಂಗಡಿಗರಿಗೆ ಬರೆದುಕೊಟ್ಟ ನಿಯಮಗಳಲ್ಲಿ, ಒಬ್ಬನೇ ಮಗನು ಕಾಯಿಲೆ ಬಿದ್ದಾಗ ತಾಯಿ ಹೇಗೆ ನೋಡಿಕೊಳ್ಳುವಳೋ ಹಾಗೆ ರೋಗಿಗಳನ್ನು ನೋಡಿಕೊಳ್ಳಬೇಕೆಂದು ತಿಳಿಸಿದರು. 1590–91ರ ಬರಗಾಲದಲ್ಲಿ ರೋಮಿನ ಬೀದಿಗಳಲ್ಲಿ ಬಿದ್ದವರಿಗೆ ಆಹಾರ ಹಂಚಿದರು. 1598ರ ಕ್ರಿಸ್‌ಮಸ್ ಹೊತ್ತಿಗೆ ಟೈಬರ್ ನದಿ ಉಕ್ಕಿ ಆಸ್ಪತ್ರೆಗೆ ನುಗ್ಗಿದಾಗ ರೋಗಿಗಳನ್ನು ಎತ್ತಿಕೊಂಡು ಸುರಕ್ಷಿತ ಜಾಗಕ್ಕೆ ಸಾಗಿಸಿದರು.

ಇಷ್ಟೆಲ್ಲ ಉಣಿಸಿದ ಮನುಷ್ಯನಿಗೆ ಕೊನೆಯ ವರ್ಷಗಳಲ್ಲಿ ತಮಗೇ ಊಟ ಸೇರದಾಯಿತು. ಕಾಲಿನ ಹುಣ್ಣಿನ ಜೊತೆಗೆ ಹರ್ನಿಯಾ, ಅಂಗಾಲಿನ ಆಣಿ, ಮೂತ್ರಪಿಂಡದ ಕಲ್ಲಿನ ನೋವು. ಅದರ ಮೇಲೆ ಹಸಿವೆಯೇ ಇಲ್ಲದ, ತಿಂದದ್ದು ನಿಲ್ಲದ ಬಾಧೆ. ಈ ಐದನ್ನೂ ದೇವರ ಕರುಣೆಗಳೆಂದೇ ಅವರು ಕರೆದರು. 1607ರಲ್ಲಿ ಸಭೆಯ ಹಿರಿತನವನ್ನು ಬಿಟ್ಟುಕೊಟ್ಟರೂ ಆಸ್ಪತ್ರೆಯನ್ನು ಬಿಡಲಿಲ್ಲ. ನಿಲ್ಲಲಾರದಾದಾಗಲೂ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಯಾರಿಗೇನು ಬೇಕೆಂದು ವಿಚಾರಿಸುತ್ತಿದ್ದರು. 1614ರ ಜುಲೈ 14ರಂದು ರೋಮಿನಲ್ಲಿ, 64ರ ಪ್ರಾಯದಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. 1746ರಲ್ಲಿ ಸಂತರೆಂದು ಘೋಷಿತರಾದರು.

ಪ್ರಿಯ ವಿಶ್ವಾಸಿಗಳೇ, ಈ ಸಂತರು ಮಾಡಿದ ಕೆಲಸ ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಬಾಕಿ ಉಳಿದಿದೆ. ವಯಸ್ಸಾದವರು ಆಸ್ಪತ್ರೆ ಸೇರಿದಾಗ ನಾವು ಮಾತ್ರೆ, ಸ್ಕ್ಯಾನು, ಬಿಲ್ಲುಗಳ ಕಡೆ ನೋಡುತ್ತೇವೆ. ಊಟದ ತಟ್ಟೆ ಹಾಗೆಯೇ ತಿರುಗಿ ಹೋದದ್ದು ಕಾಣುವುದಿಲ್ಲ. ಗ್ಲೂಕೋಸ್ ಏರಿಸಿದ್ದಾರೆ, ಸಾಕು ಎಂದುಕೊಳ್ಳುತ್ತೇವೆ. ಆದರೆ ಒಂದು ಲೀಟರಿನ 5% ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 50 ಗ್ರಾಂ ಸಕ್ಕರೆ, ಹೆಚ್ಚೆಂದರೆ 200 ಕ್ಯಾಲರಿ. ಪ್ರೋಟೀನ್ ಸ್ವಲ್ಪವೂ ಇಲ್ಲ. ಊಟವಿಲ್ಲದೆ ದಿನ ಕಳೆದಂತೆ ಮುದಿ ದೇಹದ ಮಾಂಸಖಂಡ ಕರಗುತ್ತದೆ, ಗಾಯ ಒಣಗುವುದಿಲ್ಲ, ಸೋಂಕು ಬೇಗ ತಗಲುತ್ತದೆ, ಎದ್ದು ನಡೆಯುವ ಶಕ್ತಿ ಹೋಗುತ್ತದೆ.

ಸ್ವಿಟ್ಜರ್ಲೆಂಡಿನ 8 ಆಸ್ಪತ್ರೆಗಳಲ್ಲಿ, ಪೌಷ್ಟಿಕತೆ ಕುಂದುವ ಅಪಾಯದಲ್ಲಿದ್ದ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಮಾಮೂಲಿ ಊಟ ಪಡೆದವರಲ್ಲಿ 30 ದಿನಗಳೊಳಗೆ ತೀರಿಕೊಂಡವರು ನೂರಕ್ಕೆ 10. ಒಬ್ಬೊಬ್ಬರಿಗೂ ಬೇಕಾದಷ್ಟು ಲೆಕ್ಕಹಾಕಿ ಆಹಾರ ಮತ್ತು ಪೂರಕ ಪೌಷ್ಟಿಕ ಪಾನೀಯ ಕೊಟ್ಟವರಲ್ಲಿ ನೂರಕ್ಕೆ 7. ಉಣಿಸುವುದೂ ಚಿಕಿತ್ಸೆಯೇ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಗಡಿ ಊರುಗಳಲ್ಲಿ ಇನ್ನೊಂದು ಕಷ್ಟವಿದೆ. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಬೇರೆ ಭಾಷೆ. ಗಂಜಿಗೆ ಉಪ್ಪಿಲ್ಲ, ಹಲ್ಲು ಕಟ್ಟಿಸಿದ್ದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ, ನುಂಗಿದರೆ ಗಂಟಲು ನೋಯುತ್ತದೆ ಎಂದು ಅಜ್ಜಿ ಹೇಳಿದರೂ ನರ್ಸಮ್ಮನಿಗೆ ತಿಳಿಯುವುದಿಲ್ಲ. ಅಜ್ಜಿಗೆ ಹಸಿವಿಲ್ಲವೆಂದು ತಟ್ಟೆ ಎತ್ತಿಬಿಡುತ್ತಾರೆ. ಅಲ್ಲಿ ಬೇಕಾದದ್ದು ಅಜ್ಜಿಯ ಮಾತು ಬಲ್ಲ ಒಬ್ಬರು.

ಆದುದರಿಂದ ರೋಗಿಗಳನ್ನು ನೋಡಲು ಹೋಗುವವರು ಊಟದ ಹೊತ್ತಿಗೆ ಹೋಗಿ. ಬಾಯಿ ತೊಳೆಸಿ, ದಿಂಬು ಕೊಟ್ಟು ಎತ್ತಿ ಕೂರಿಸಿ, ಅವಸರ ಮಾಡದೆ ಸ್ವಲ್ಪ ಸ್ವಲ್ಪವೇ ಕೊಡಿ. ಎಷ್ಟು ತಿಂದರೆಂದು ಡಾಕ್ಟರಿಗೆ ತಿಳಿಸಿ. ತೂಕ ಇಳಿಯುತ್ತಿದ್ದರೆ ಪೂರಕ ಆಹಾರ ಬೇಕೇ ಎಂದು ನೀವೇ ಕೇಳಿ. ಅಂಗಡಿಯ ಪ್ರೋಟೀನ್ ಪುಡಿಯನ್ನು ಕೇಳದೆ ಕೊಡಬೇಡಿ. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ನುಂಗುವ ಕಷ್ಟ ಇದ್ದವರಿಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಡಾಕ್ಟರು ಬರೆದುಕೊಟ್ಟ ಪೂರಕ ಆಹಾರವನ್ನು ಊಟಕ್ಕೆ ಬದಲಾಗಿ ಕೊಡದೆ, ಎರಡು ಊಟಗಳ ನಡುವೆ ಕೊಡಿ.

ಭಾನುವಾರ ಪರಮಪ್ರಸಾದ ಸ್ವೀಕರಿಸುವ ನಮ್ಮ ಕೈಗಳು ವಾರದಲ್ಲಿ ಒಮ್ಮೆಯಾದರೂ ಒಬ್ಬ ಹಿರಿಯ ರೋಗಿಗೆ ತುತ್ತು ನೀಡಲಿ. ಸಂತ ಕಮಿಲ್ಲಸರೇ, ನಮಗಾಗಿ ಪ್ರಾರ್ಥಿಸಿರಿ.