ರಣರಂಗದಲ್ಲಿ ಬಿಡಿಸಿದ ಲೆಕ್ಕ

ಕಪ್ಪುಕುಳಿಯ ಅಳತೆಗೆ ಇಂದಿಗೂ ಕಾರ್ಲ್ ಶ್ವಾರ್ಜ್‌ಶೀಲ್ಡ್ ಅವರ ಹೆಸರಿದೆ. ಹುಟ್ಟಿದ್ದು 1873ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನ ಯಹೂದಿ ವ್ಯಾಪಾರಿಯ ಮನೆಯಲ್ಲಿ. ಹದಿನಾರರ ವಯಸ್ಸಿಗೇ ಜೋಡಿ ನಕ್ಷತ್ರಗಳ ಕಕ್ಷೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. 1909ರಲ್ಲಿ ಪಾಟ್ಸ್‌ಡಾಮ್ ವೀಕ್ಷಣಾಲಯದ ನಿರ್ದೇಶಕರಾದರು.

1914ರಲ್ಲಿ ಮಹಾಯುದ್ಧ ಶುರುವಾದಾಗ ಅವರಿಗೆ ನಲವತ್ತು ದಾಟಿತ್ತು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಆದರೂ ತಾವಾಗಿಯೇ ಸೇನೆ ಸೇರಿದರು. ಹೋಗಬಾರದಿತ್ತು ಎಂದೇ ನನಗೆ ಅನ್ನಿಸುತ್ತದೆ. ಫಿರಂಗಿ ಗುಂಡಿನ ದಾರಿಯನ್ನು ಲೆಕ್ಕ ಹಾಕುವುದು ಅಲ್ಲಿ ಅವರ ಕೆಲಸ. 1915ರ ಕೊನೆಯಲ್ಲಿ ಐನ್‌ಸ್ಟೈನರ ಹೊಸ ಗುರುತ್ವ ಸಮೀಕರಣಗಳು ಕೈಸೇರಿದವು. ಐನ್‌ಸ್ಟೈನ್ ಅಂದಾಜಿನ ಉತ್ತರಕ್ಕೆ ನಿಲ್ಲಿಸಿದ್ದ ಕಡೆ ಇವರು ಕೆಲವೇ ವಾರಗಳಲ್ಲಿ ನಿಖರ ಉತ್ತರ ಕಂಡುಹಿಡಿದು ಕಳುಹಿಸಿದರು. 1916ರ ಜನವರಿಯಲ್ಲಿ ಐನ್‌ಸ್ಟೈನರೇ ಅದನ್ನು ಬರ್ಲಿನ್ನಿನ ಅಕಾಡೆಮಿಯ ಮುಂದಿಟ್ಟರು. ಅದೇ ವರ್ಷ ಮೇ 11ರಂದು ಚರ್ಮದ ಕಾಯಿಲೆಯಿಂದ ಶ್ವಾರ್ಜ್‌ಶೀಲ್ಡ್ ತೀರಿಕೊಂಡರು. ಮಗ ಮಾರ್ಟಿನ್‌ಗೆ ಆಗ ನಾಲ್ಕೂ ತುಂಬಿರಲಿಲ್ಲ. ತಂದೆ ಪ್ರಾಣ ತೆತ್ತ ಆ ದೇಶವನ್ನು ಹಿಟ್ಲರನ ಕಾಲದಲ್ಲಿ ಮಗ ಬಿಟ್ಟು ಹೋಗಬೇಕಾಯಿತು. ಅಮೆರಿಕ ಸೇರಿ ಅವರೂ ದೊಡ್ಡ ಖಗೋಳವಿಜ್ಞಾನಿ ಎನಿಸಿದರು.

ಆ ಉತ್ತರದಲ್ಲಿ ಒಂದು ತ್ರಿಜ್ಯ ಅಡಗಿತ್ತು. ಅದಕ್ಕಿಂತ ಕಿರಿದಾಗಿ ಕುಗ್ಗಿದ ಕಾಯದಿಂದ ಬೆಳಕೂ ಹೊರಬಾರದು. ಸೂರ್ಯನಷ್ಟು ದ್ರವ್ಯಕ್ಕೆ ಅದು ಸುಮಾರು 3 ಕಿ.ಮೀ. ಕಪ್ಪುಕುಳಿಯೊಳಕ್ಕೆ ಬೀಳುವ ಅನಿಲ ಕಾದು ಬೆಳಗುವುದೇ ಕ್ವೇಸಾರ್. 2021ರಲ್ಲಿ ಪ್ರಕಟವಾದ ಅತಿ ದೂರದ ಕ್ವೇಸಾರ್ ಒಂದು ವಿಶ್ವಕ್ಕೆ ಇನ್ನೂ 70 ಕೋಟಿ ವರ್ಷ ತುಂಬದಿದ್ದಾಗಿನದು. ಅದರ ನಡುವಿನ ಕುಳಿಯಲ್ಲಿ ಸುಮಾರು 160 ಕೋಟಿ ಸೂರ್ಯರಷ್ಟು ದ್ರವ್ಯವಿದೆ. ತ್ರಿಜ್ಯ ತಿಳಿಯಲು ಕಂಪ್ಯೂಟರ್ ಬೇಕಿಲ್ಲ, ನಮ್ಮ ಶಾಲೆಯ ಎಂಟನೇ ತರಗತಿಯ ಗುಣಾಕಾರ ಸಾಕು: 480 ಕೋಟಿ ಕಿ.ಮೀ., ನೆಪ್ಚೂನ್ ಸೂರ್ಯನಿಂದ ಇರುವ ದೂರಕ್ಕಿಂತ ಹೆಚ್ಚು. ಅಷ್ಟು ಬೇಗ ಅಷ್ಟು ದೊಡ್ಡದಾಗಿ ಬೆಳೆದದ್ದು ಹೇಗೆಂಬುದು ಇನ್ನೂ ಬಗೆಹರಿದಿಲ್ಲ.