ತಂಬೂರಿಯ ನೂಲಿನೆಳೆಯಲ್ಲಿ ವಿಜ್ಞಾನ ಕಂಡ ಸರ್ ಸಿ.ವಿ. ರಾಮನ್: ನೊಬೆಲ್‌ಗೂ ಮೊದಲಿನ ನಾದದ ಕಥೆ ಗೊತ್ತಾ?

ಚೆನ್ನೈ: ಬಾಸ್ ಗಿಟಾರ್ ನುಡಿಸುವವರಿಗೆ ಈ ಕಷ್ಟ ಗೊತ್ತು. ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ಕೆಳಗೆ ಕುಸಿದರೆ ಸದ್ದು ಸೊರಗುತ್ತದೆ. ತೀರಾ ಮೇಲೆ ಬಂದರೆ ಅದರ ಆಯಸ್ಕಾಂತವೇ ತಂತಿಯನ್ನು ಎಳೆದು ಶ್ರುತಿ ಕೆಡಿಸುತ್ತದೆ. ಆಗ ಪಾತ್ರೆ ತಿಕ್ಕುವ ಸ್ಪಾಂಜನ್ನು ಕತ್ತರಿಸಿ ಪಿಕಪ್ ಅಡಿಗೆ ಇಡುವುದು, ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿ ಸುಮಾರು 3 ಮಿ.ಮೀ. ಅಂತರ ಅಳೆಯುವುದು ಮನೆಮದ್ದು. ಸ್ಕ್ರೂ, ಸ್ಪ್ರಿಂಗ್ ಬೇಕೆಂದರೆ ಪ್ಯಾರೀಸ್ ಕಾರ್ನರ್ ಸುತ್ತಲಿನ ಗಲ್ಲಿಗಳಿವೆ.

ಆದರೆ ಮನೆಯ ವಸ್ತುವಿನಿಂದ ವಾದ್ಯದ ದನಿ ತಿದ್ದುವ ಈ ಜಾಣತನ ನಮ್ಮಲ್ಲಿ ಬಹಳ ಹಳೆಯದು. ತಂಬೂರಿಯ ತಂತಿಗೂ ಕುದುರೆಗೂ ನಡುವೆ ಸಿಕ್ಕಿಸುವ ನೂಲಿನೆಳೆಯನ್ನೇ ನೋಡಿ. ಅದನ್ನು ಭೌತಶಾಸ್ತ್ರದ ಪ್ರಶ್ನೆಯಾಗಿ ಕಂಡವರು ಸರ್ ಸಿ.ವಿ. ರಾಮನ್. ಪ್ಯಾರೀಸ್ ಕಾರ್ನರ್‌ನಿಂದ ಕಡಲ ದಂಡೆ ಹಿಡಿದು ದಕ್ಷಿಣಕ್ಕೆ ಹೋದರೆ ಸಿಗುವ, ಮರೀನಾ ಎದುರಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿ ಅವರು.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು, ಜೊತೆಗೆ ಪಿಟೀಲು ನುಡಿಸುವವರು. ಮುಂದೆ ಕೈಹಿಡಿದ ಲೋಕಸುಂದರಿ ಅವರಿಗೆ ವೀಣೆ ಬರುತ್ತಿತ್ತು. ಹೀಗೆ ಮನೆಯಲ್ಲಿ ತಂತಿನಾದಕ್ಕೆ ಬರವಿರಲಿಲ್ಲ. 1904ರಲ್ಲಿ ಬಿಎ, 1907ರಲ್ಲಿ ಎಂಎ ಮುಗಿಸಿದ ರಾಮನ್, ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೊರಟರು.

ಹಗಲಿಗೆ ಲೆಕ್ಕಪತ್ರ. ಬೆಳಗ್ಗೆ, ಸಂಜೆ ಬೌಬಜಾರ್ ಬೀದಿಯ ಇಂಡಿಯನ್ ಅಸೋಸಿಯೇಷನ್ ಪ್ರಯೋಗಾಲಯ. ಅಲ್ಲಿ ಅವರು ಹಿಡಿದದ್ದು ಬೆಳಕನ್ನಷ್ಟೇ ಅಲ್ಲ, ಪಿಟೀಲನ್ನೂ. ಮನುಷ್ಯನ ಕೈ ಪ್ರತಿ ಸಲವೂ ಒಂದೇ ಬಿಗಿಯಲ್ಲಿ ಕಮಾನು ಎಳೆಯುವುದಿಲ್ಲವಲ್ಲ? ಅದಕ್ಕೆ ಪಿಟೀಲು ನುಡಿಸುವ ಯಂತ್ರವನ್ನೇ ಕಟ್ಟಿದರು. ತಮಾಷೆಯೆಂದರೆ, ಅದರಲ್ಲಿ ಕಮಾನು ನಿಂತಲ್ಲೇ ನಿಲ್ಲುತ್ತಿತ್ತು, ಪಿಟೀಲೇ ಹಿಂದೆ ಮುಂದೆ ಚಲಿಸುತ್ತಿತ್ತು! 1917ರಲ್ಲಿ ಭದ್ರವಾದ ಸರ್ಕಾರಿ ನೌಕರಿ ಬಿಟ್ಟು, ಕಡಿಮೆ ಸಂಬಳಕ್ಕೆ ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕರಾದರು. ಮನೆಯವರಿಗೆ ಇದು ಸಣ್ಣ ನಿರ್ಧಾರವಾಗಿರಲಿಕ್ಕಿಲ್ಲ.

ನೂಲಿನ ವಿಷಯಕ್ಕೆ ಬರೋಣ. ಪಿಟೀಲಿನ ಕುದುರೆಯ ಅಂಚು ತೆಳು, ತಂತಿ ಅಲ್ಲಿ ಒಂದೇ ಗೆರೆಯ ಮೇಲೆ ನಿಲ್ಲುತ್ತದೆ. ತಂಬೂರಿಯ ಕುದುರೆ ಹಾಗಲ್ಲ. ಅದು ಅಗಲ, ಮೇಲ್ಮೈ ಸ್ವಲ್ಪವೇ ಬಾಗಿರುತ್ತದೆ. ಮೀಟಿದ ತಂತಿ ಆ ಮೈಯನ್ನು ಮತ್ತೆ ಮತ್ತೆ ಸವರುತ್ತಾ ಕಂಪಿಸುತ್ತದೆ. ನೂಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ಸವರುವ ಬಗೆ ಬದಲಾಗುತ್ತದೆ. ಸರಿಯಾದ ಜಾಗಕ್ಕೆ ಬಂದಾಗ ತಂತಿ ಝೇಂಕರಿಸುತ್ತದೆ. ಅದಕ್ಕೇ ಆ ಎಳೆಗೆ ‘ಜೀವ’ ಎಂಬ ಹೆಸರು. ಅಳತೆಪಟ್ಟಿ ಇಲ್ಲ, ಕಿವಿಯೇ ಪ್ರಮಾಣ.

ಯುರೋಪಿನ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನ ನಿಯಮವೊಂದಿದೆ. ಒಂದು ಉಪಸ್ವರದ ಕಂಪನಕ್ಕೆ ತಂತಿಯ ಯಾವ ಬಿಂದು ನಿಶ್ಚಲವೋ, ಅಲ್ಲಿಯೇ ಮೀಟಿದರೆ ಆ ಉಪಸ್ವರ ಕೇಳಿಸಬಾರದು. ತಂಬೂರಿ ಮತ್ತು ವೀಣೆಯಲ್ಲಿ ಅದು ಚೆನ್ನಾಗಿಯೇ ಕೇಳಿಸುತ್ತದೆ ಎಂದು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ರಾಮನ್ ತೋರಿಸಿದರು. ಕಾರಣ ಕುದುರೆಯ ಆ ಬಾಗು. ಹದಿಹರೆಯದಲ್ಲಿ ಹೆಲ್ಮ್‌ಹೋಲ್ಟ್ಸ್ ಪುಸ್ತಕ ಓದಿ ಮಾರುಹೋಗಿದ್ದವರೇ ಅವರ ನಿಯಮಕ್ಕೆ ಅಪವಾದ ಹುಡುಕಿದ್ದು ವಿಶೇಷ. ನನ್ನ ಮಟ್ಟಿಗೆ ರಾಮನ್ ಪರಿಣಾಮದಷ್ಟೇ ಸೊಗಸಾದ ಸಂಗತಿ ಇದು. ಪಾಠಪುಸ್ತಕಗಳು ಮಾತ್ರ ಇದನ್ನು ಹೇಳುವುದಿಲ್ಲ.

ಮೃದಂಗವನ್ನೂ ಅವರು ಬಿಡಲಿಲ್ಲ. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಮೆತ್ತಿದ ಕಪ್ಪು ಕರಣೆಯ ಭಾರದಿಂದ ಮೃದಂಗ, ತಬಲಾಗಳಲ್ಲಿ ಅವು ತಂತಿವಾದ್ಯದಂತೆ ಹೊಂದುತ್ತವೆ ಎಂದು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸಹೋದ್ಯೋಗಿಯೊಂದಿಗೆ ಬರೆದರು. ಎಡಗಡೆಗೆ ಕಲಾವಿದರು ಕಛೇರಿಗೆ ಮುನ್ನ ಹಚ್ಚುವುದು ಅಡುಗೆಮನೆಯ ರವೆಯನ್ನೇ! 1934ರಲ್ಲಿ ಚರ್ಮದ ಮೇಲೆ ಮರಳು ಉದುರಿಸಿ ಕಂಪನದ ಚಿತ್ತಾರವನ್ನು ಕಣ್ಣಿಗೇ ಕಾಣಿಸಿದರು.

ಅಷ್ಟರಲ್ಲಿ ಅವರು ಜಗದ್ವಿಖ್ಯಾತರು. 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದವರು ಕೊನೆವರೆಗೂ ಇಲ್ಲಿಯವರೇ ಆದರು. 1948ರಲ್ಲಿ ಅಲ್ಲಿಂದ ನಿವೃತ್ತರಾಗಿ, ತಾವೇ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿದರು. 1954ರಲ್ಲಿ ಭಾರತ ರತ್ನ ಬಂತು.

1970ರ ನವೆಂಬರ್ 21ರಂದು ರಾಮನ್ ನಿಧನರಾದರು. ಅಂತ್ಯಕ್ರಿಯೆ ನಡೆದದ್ದು ಅದೇ ಸಂಸ್ಥೆಯ ತೋಟದಲ್ಲಿ. ಆ ಜಾಗದಲ್ಲಿ ಸಮಾಧಿ ಕಟ್ಟಲಿಲ್ಲ, ಒಂದು ಮರ ನೆಟ್ಟರು.