ಧಕ್ಕೆಯ ಕೂಲಿಗಳ ಕಾರ್ಡಿನಲ್: ಹೆನ್ರಿ ಎಡ್ವರ್ಡ್ ಮ್ಯಾನಿಂಗ್

ಪ್ರತಿ ವರ್ಷ ಮೇ 1ರಂದು ನಾವು ಕಾರ್ಮಿಕರ ಪಾಲಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ದುಡಿಮೆಯ ಘನತೆಯನ್ನು ಕುರಿತ ಪ್ರಬೋಧನೆಯನ್ನು ಭಕ್ತಿಯಿಂದ ಆಲಿಸುತ್ತೇವೆ. ಆದರೆ ಆ ಘನತೆಗೆ ಗಂಟೆಗೆ ಎಷ್ಟು ಕೂಲಿ ಸಲ್ಲಬೇಕು ಎಂಬ ಪ್ರಶ್ನೆ ಎದ್ದೊಡನೆ ನಮ್ಮಲ್ಲಿ ಅನೇಕರ ಮನಸ್ಸು ಹಿಂಜರಿಯುತ್ತದೆ. ಅದು ವ್ಯಾಪಾರದ ಮಾತು, ಧರ್ಮದ ಮಾತಲ್ಲವೆಂದು ಸಮಾಧಾನ ತಂದುಕೊಳ್ಳುತ್ತೇವೆ. ಈ ಸಮಾಧಾನವನ್ನು ಒಪ್ಪದೆ, ತಮ್ಮ 81ನೆಯ ವಯಸ್ಸಿನಲ್ಲಿ ಬಂದರಿನ ಕೂಲಿಗಳ ನಡುವೆ ಹೋಗಿ ನಿಂತ ಓರ್ವ ಮಹಾಧರ್ಮಾಧ್ಯಕ್ಷರ ಜೀವನವನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇವೆ.

ಹೆನ್ರಿ ಎಡ್ವರ್ಡ್ ಮ್ಯಾನಿಂಗ್ ಅವರು 1808ರ ಜುಲೈ 15ರಂದು ಇಂಗ್ಲೆಂಡಿನ ಟಾಟರಿಜ್ ಎಂಬಲ್ಲಿ ಜನಿಸಿದರು. ತಂದೆ ವಿಲಿಯಂ ಮ್ಯಾನಿಂಗ್ ಲಂಡನ್ನಿನ ಪ್ರಮುಖ ವರ್ತಕರು, ಪಾರ್ಲಿಮೆಂಟಿನ ಸದಸ್ಯರು. 1812ರಿಂದ 1814ರವರೆಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದವರು. ಅವರ ವ್ಯಾಪಾರವು ವೆಸ್ಟ್ ಇಂಡೀಸ್ ದ್ವೀಪಗಳ ಸಕ್ಕರೆಯದು. ಆ ಸಕ್ಕರೆಯನ್ನು ಬೆಳೆದವರು ಕೂಲಿಯೇ ಇಲ್ಲದೆ ದುಡಿದ ಗುಲಾಮರು. ಹೀಗೆ ಅಂದಿನ ಆರ್ಥಿಕ ವ್ಯವಸ್ಥೆಯ ಗರ್ಭಗುಡಿಯಲ್ಲಿಯೇ ಈ ಬಾಲಕ ಬೆಳೆದರೆಂದು ಹೇಳಬಹುದು. ಹ್ಯಾರೋ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ವಿದ್ಯಾಭ್ಯಾಸವಾಯಿತು. ರಾಜಕೀಯ ಪ್ರವೇಶಿಸುವ ಹಂಬಲವಿತ್ತು. ಆದರೆ 1831ರಲ್ಲಿ ತಂದೆ ದಿವಾಳಿಯಾದರು. ಆ ದಾರಿ ಮುಚ್ಚಿತು.

ಮ್ಯಾನಿಂಗ್ ಆಂಗ್ಲಿಕನ್ ಸಭೆಯ ಗುರುಗಳಾಗಿ, ಸಸೆಕ್ಸ್ ಪ್ರಾಂತದ ಲ್ಯಾವಿಂಗ್ಟನ್ ಎಂಬ ಹಳ್ಳಿಗೆ ಹೋದರು. 1833ರಲ್ಲಿ ಕ್ಯಾರೊಲಿನ್ ಎಂಬವರನ್ನು ವರಿಸಿದರು. ನಾಲ್ಕೇ ವರ್ಷಗಳಲ್ಲಿ ಆಕೆ ತೀರಿಕೊಂಡರು, ಮಕ್ಕಳಿರಲಿಲ್ಲ. ಹೊಲದ ಆಳುಗಳ ಹಾಗೂ ಕುರುಬರ ಬಡತನವನ್ನು ಅವರು ಹತ್ತಿರದಿಂದ ಕಂಡದ್ದು ಅಲ್ಲಿಯೇ. ದೀರ್ಘ ಮನೋಮಂಥನದ ಬಳಿಕ 1851ರಲ್ಲಿ ಅವರು ಕಥೊಲಿಕ ಧರ್ಮಸಭೆಯನ್ನು ಸೇರಿ, ಅದೇ ವರ್ಷ ಗುರುದೀಕ್ಷೆ ಪಡೆದರು. 1865ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಮಹಾಧರ್ಮಾಧ್ಯಕ್ಷರಾದರು. 1875ರಲ್ಲಿ ಕಾರ್ಡಿನಲ್ ಪದವಿ ದೊರೆಯಿತು.

ಅವರಿಗೆ ದೊರೆತ ಹಿಂಡು ಎಂತಹುದು? ಅಯರ್ಲೆಂಡಿನಲ್ಲಿ 1845ರಿಂದ ಬಟಾಟೆ ಬೆಳೆಗೆ ರೋಗ ತಗಲಿ ಭೀಕರ ಕ್ಷಾಮ ಬಂದಿತ್ತು. ಸುಮಾರು ಹತ್ತು ಲಕ್ಷ ಜನ ಮಡಿದರು. ಅಷ್ಟೇ ಜನ ಊರು ಬಿಟ್ಟರು. ಹಾಗೆ ಬಂದವರಲ್ಲಿ ಸಾವಿರಾರು ಮಂದಿ ಲಂಡನ್ನಿನ ಕೊಳಕು ಓಣಿಗಳಲ್ಲಿ, ಒಂದು ಕೋಣೆಯಲ್ಲಿ ಒಂದು ಸಂಸಾರದಂತೆ ನೆಲೆಸಿದ್ದರು. ಗಂಡಸರಿಗೆ ಬಂದರಿನಲ್ಲಿ ಹೊರೆ ಹೊರುವ ಕೆಲಸ. ಈ ಐರಿಷರು ಬಂದುದರಿಂದಲೇ ತಮ್ಮ ಕೂಲಿ ಇಳಿಯಿತೆಂದು ಇಂಗ್ಲಿಷ್ ಕಾರ್ಮಿಕರು ಹಲ್ಲು ಕಡಿಯುತ್ತಿದ್ದರು. ಪೋಪರ ಮಂದಿ ಎಂಬ ಹೀಯಾಳಿಕೆಯೂ ಅದಕ್ಕೆ ಸೇರುತ್ತಿತ್ತು.

ಈ ದ್ವೇಷಕ್ಕೆ ಅಂದಿನ ಅರ್ಥಶಾಸ್ತ್ರವೂ ಬೆಂಬಲವಾಗಿತ್ತು. ಒಂದು ದೇಶದಲ್ಲಿ ಕೂಲಿಗೆಂದು ಮೀಸಲಾದ ಹಣ ಇಷ್ಟೇ. ಕೈಗಳು ಹೆಚ್ಚಿದರೆ ಒಬ್ಬೊಬ್ಬರ ಪಾಲು ಕುಗ್ಗುತ್ತದೆ. ಸಂಘ ಕಟ್ಟಿ ಹೆಚ್ಚು ಕೂಲಿ ಪಡೆದವನು ಇನ್ನೊಬ್ಬ ಬಡವನ ಪಾಲನ್ನೇ ಕಸಿಯುತ್ತಾನೆ ಎಂಬುದು ಆ ಸಿದ್ಧಾಂತ. ಅದನ್ನು ನಿಸರ್ಗನಿಯಮವೆಂಬಂತೆ ಬೋಧಿಸುತ್ತಿದ್ದರು. ಅದರ ಪ್ರಸಿದ್ಧ ಪ್ರತಿಪಾದಕರಾದ ಜಾನ್ ಸ್ಟುವರ್ಟ್ ಮಿಲ್ ಅವರೇ 1869ರಲ್ಲಿ ಅದನ್ನು ಕೈಬಿಟ್ಟರು. ಆದರೂ ಮಾಲಿಕರ ಬಾಯಲ್ಲಿ ಅದು ಬಹುಕಾಲ ಉಳಿಯಿತು. ಏಕೆ ಉಳಿಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಲಾಭದ ಪಾಲೆಷ್ಟು ಎಂದು ಯಾರೂ ಕೇಳದಂತೆ, ಇಬ್ಬರು ಬಡವರು ಪರಸ್ಪರ ಕಾದಾಡುವಂತೆ ಮಾಡುವ ಸಿದ್ಧಾಂತವು ಉಳ್ಳವರಿಗೆ ಪ್ರಿಯವಾಗುವುದು ಸಹಜ.

ಬ್ಯಾಂಕಿನ ಗವರ್ನರರ ಮಗನಾದ ಮ್ಯಾನಿಂಗ್ ಈ ಪಾಠವನ್ನು ಮರೆಯಲು ಕಲಿತರು. 1872ರಲ್ಲಿ ಲಂಡನ್ನಿನ ಎಕ್ಸೆಟರ್ ಹಾಲಿನಲ್ಲಿ ಹೊಲದ ಕೂಲಿಗಳ ಪರವಾಗಿ ನಡೆದ ಸಭೆಯ ವೇದಿಕೆಯೇರಿದಾಗ ಶ್ರೀಮಂತ ಕಥೊಲಿಕರೇ ಹುಬ್ಬೇರಿಸಿದರು. 1874ರಲ್ಲಿ ಲೀಡ್ಸ್ ನಗರದಲ್ಲಿ ಕೊಟ್ಟ ಉಪನ್ಯಾಸದಲ್ಲಿ, ಕಾರ್ಮಿಕನ ಶಕ್ತಿಯೂ ಕೌಶಲವೂ ಅವನ ಸ್ವಂತ ಬಂಡವಾಳ. ಅದನ್ನು ಕೊಡುವ ಇಲ್ಲವೇ ಕೊಡದಿರುವ ಹಕ್ಕೂ, ಸಂಘ ಕಟ್ಟುವ ಹಕ್ಕೂ ಅವನಿಗುಂಟು ಎಂದು ವಾದಿಸಿದರು. ತಂದೆತಾಯಿ ಮನೆಯಲ್ಲಿ ಮಕ್ಕಳೊಡನೆ ಇರಲಾಗದಷ್ಟು ದುಡಿಸುವ ಸಂಪತ್ತು ದೇಶದ ಸಂಪತ್ತಲ್ಲವೆಂಬುದು ಅವರ ನಿಲುವು. ಹಸಿದು ಸಾಯುವವನಿಗೆ ನೆರೆಯವನ ರೊಟ್ಟಿಯ ಮೇಲೆ ಹಕ್ಕುಂಟೆಂಬ ಸಂತ ತೋಮಸ್ ಅಕ್ವಿನಾಸರ ಬೋಧನೆಯನ್ನು ಅವರು ನೆನಪಿಸಿದಾಗ ಪತ್ರಿಕೆಗಳು ಕೆಂಡ ಕಾರಿದವು. ಹೊಸ ಕಥೀಡ್ರಲ್ ಕಟ್ಟುವುದನ್ನು ಮುಂದೂಡಿ, ಬಡ ಐರಿಷ್ ಮಕ್ಕಳ ಶಾಲೆಗಳಿಗೆ ಆದ್ಯತೆ ಕೊಟ್ಟರು. ಅವರ ಕಳಕಳಿ ತಮ್ಮ ಹಿಂಡಿಗಷ್ಟೇ ಸೀಮಿತವಾಗಿರಲಿಲ್ಲ. ರಷ್ಯಾದಲ್ಲಿ ಯೆಹೂದ್ಯರ ಮೇಲೆ ನಡೆದ ಹಿಂಸೆಯ ವಿರುದ್ಧ 1882ರಲ್ಲಿ ಲಂಡನ್ನಿನ ಮೇಯರರ ಭವನದಲ್ಲಿ ನಡೆದ ಸಭೆಯಲ್ಲಿಯೂ ಅವರು ಮಾತನಾಡಿದರು.

1889ರ ಆಗಸ್ಟ್ 14ರಂದು ಲಂಡನ್ ಬಂದರಿನಲ್ಲಿ ಮುಷ್ಕರ ಆರಂಭವಾಯಿತು. ಅದು ಹೊತ್ತಿಕೊಂಡದ್ದು ವೆಸ್ಟ್ ಇಂಡಿಯಾ ಧಕ್ಕೆಯ ದಕ್ಷಿಣ ಭಾಗದಲ್ಲಿ. ಮ್ಯಾನಿಂಗರ ತಂದೆಯ ಕಾಲದಲ್ಲಿ ಸಕ್ಕರೆಯ ಹಡಗುಗಳಿಗೆಂದೇ ತೆರೆದ ಧಕ್ಕೆಯದು. ಪ್ರತಿದಿನ ಮುಂಜಾನೆ ಬಾಗಿಲಲ್ಲಿ ಜನ ಜಮಾಯಿಸುವುದು, ಮೇಸ್ತ್ರಿ ಕೈ ತೋರಿದವರಿಗೆ ಮಾತ್ರ ಕೆಲಸ. ಅದೂ ಕೆಲವೊಮ್ಮೆ ಒಂದೆರಡು ಗಂಟೆ. ಕೂಲಿ ಗಂಟೆಗೆ 5 ಪೆನ್ನಿ. ಅದನ್ನು 6 ಪೆನ್ನಿಗೆ ಏರಿಸಬೇಕು, ಹೆಚ್ಚುವರಿ ಅವಧಿಗೆ 8 ಪೆನ್ನಿ ಕೊಡಬೇಕು, ಕರೆದವರಿಗೆ ಕನಿಷ್ಠ 4 ಗಂಟೆಗಳ ಕೆಲಸವಿರಬೇಕು ಎಂಬುದೇ ಬೇಡಿಕೆ. ಬೆನ್ ಟಿಲೆಟ್, ಜಾನ್ ಬರ್ನ್ಸ್, ಟಾಮ್ ಮ್ಯಾನ್ ಮುಂದಾಳುಗಳಾಗಿದ್ದರು. ಲಕ್ಷಕ್ಕೂ ಮಿಕ್ಕಿ ಜನ ಕೆಲಸ ನಿಲ್ಲಿಸಿದರು. ಐರಿಷರೂ ಇಂಗ್ಲಿಷರೂ ಅಂದು ಒಟ್ಟಿಗೆ ಹಸಿದರು, ಒಟ್ಟಿಗೆ ಮೆರವಣಿಗೆ ನಡೆದರು. ಆಸ್ಟ್ರೇಲಿಯಾದ ಕಾರ್ಮಿಕರೂ ಹಿತೈಷಿಗಳೂ ಸುಮಾರು 30,000 ಪೌಂಡ್ ಕಳುಹಿಸಿದರು.

ವಾರಗಳು ಉರುಳಿದರೂ ರಾಜಿಯಾಗಲಿಲ್ಲ. ಹಿರಿಯ ಕಾರ್ಡಿನಲ್ ತಾವಾಗಿ ಮಧ್ಯಸ್ಥಿಕೆಗೆ ಇಳಿದರು. ಕೊನೆಯಲ್ಲಿ ಉಳಿದದ್ದು ಒಂದೇ ತೊಡಕು: ಹೊಸ ಕೂಲಿ ಎಂದಿನಿಂದ? ಕಂಪೆನಿಗಳದು ಜನವರಿ, ಕಾರ್ಮಿಕರದು ಅಕ್ಟೋಬರ್. ಮ್ಯಾನಿಂಗರು ನವೆಂಬರ್ 4ನ್ನು ಸೂಚಿಸಿದರು. ಸೆಪ್ಟೆಂಬರ್ 10ರ ಸಂಜೆ ಪೋಪ್ಲರ್ ಎಂಬ ಬಡ ಬಡಾವಣೆಯ ಕಥೊಲಿಕ ಶಾಲೆಯೊಂದರಲ್ಲಿ ಮುಷ್ಕರ ಸಮಿತಿಯವರೊಡನೆ ಗಂಟೆಗಟ್ಟಲೆ ಕುಳಿತು, ಅವರ ಸಿಟ್ಟನ್ನೂ ಸಂಶಯವನ್ನೂ ಕೇಳಿ, ತಾಳ್ಮೆಯಿಂದ ಒಪ್ಪಿಸಿದರು. ಸೆಪ್ಟೆಂಬರ್ 16ರಂದು ಜನ ಕೆಲಸಕ್ಕೆ ಮರಳಿದರು. ಜನ ಇದನ್ನು ಕಾರ್ಡಿನಲರ ಶಾಂತಿಯೆಂದು ಕರೆದರು.

1891ರ ಮೇ 15ರಂದು ಜಗದ್ಗುರು 13ನೆಯ ಲಿಯೋ ಅವರು ರೇರುಂ ನೊವಾರುಂ ಎಂಬ ವಿಶ್ವಪತ್ರವನ್ನು ಹೊರಡಿಸಿ, ಕಾರ್ಮಿಕನಿಗೂ ಅವನ ಸಂಸಾರಕ್ಕೂ ಸಾಲುವ ಕೂಲಿ ನ್ಯಾಯದ ವಿಷಯವೆಂದು ಸಾರಿದರು. ಮ್ಯಾನಿಂಗರು ವರ್ಷಗಳಿಂದ ಹೇಳುತ್ತ ಬಂದಿದ್ದ ಮಾತು ಧರ್ಮಸಭೆಯ ಅಧಿಕೃತ ಬೋಧನೆಯಾದುದನ್ನು ಕಣ್ಣಾರೆ ಕಂಡ ಅವರು, 1892ರ ಜನವರಿ 14ರಂದು ದೈವಾಧೀನರಾದರು. ಅಂತಿಮಯಾತ್ರೆಯ ಬೀದಿಗಳಲ್ಲಿ ಲಂಡನ್ನಿನ ಬಡಜನತೆ ಕಿಕ್ಕಿರಿದು ನಿಂತಿತ್ತು.

ಮ್ಯಾನಿಂಗರು ದೋಷರಹಿತರೆಂದು ನಾವು ಹೇಳುವುದಿಲ್ಲ. ಅಧಿಕಾರದಲ್ಲಿ ಕಠೋರರು, ಕಾರ್ಡಿನಲ್ ನ್ಯೂಮನರೊಡನೆ ಅವರ ವೈಮನಸ್ಯ ಜಗಜ್ಜಾಹೀರು. ಅವರು ತಂದ ಶಾಂತಿಯಿಂದ ಬಾಗಿಲಲ್ಲಿ ಕಾದು ನಿಲ್ಲುವ ಪದ್ಧತಿಯೂ ಅಳಿಯಲಿಲ್ಲ. ಬ್ರಿಟನ್ನಿನ ಬಂದರುಗಳಲ್ಲಿ ಅದು ಕೊನೆಗಂಡದ್ದು 1967ರಲ್ಲಿ. ಆದರೆ ಕೂಲಿ ಇಳಿದುದಕ್ಕೆ ದೋಷಿ ಯಾರೆಂಬ ಪ್ರಶ್ನೆಗೆ ಅವರು ಹೊರಗಿನಿಂದ ಬಂದವನತ್ತ ಬೆರಳು ತೋರದೆ, ಬಾಗಿಲನ್ನು ಕಾಯುವವನತ್ತ ನೋಡಿದರು.

ನಮ್ಮ ಕರಾವಳಿಯ ಕಥೊಲಿಕ ಮನೆಗಳಲ್ಲಿ ಮುಂಬಯಿಗೋ ಕೊಲ್ಲಿ ರಾಷ್ಟ್ರಗಳಿಗೋ ದುಡಿಯಲು ಹೋದವರಿಲ್ಲದ ಮನೆ ವಿರಳ. ಅಲ್ಲಿ ನಮ್ಮ ಮಕ್ಕಳಿಗೆ ಹೊರಗಿನವರೆಂಬ ಹೆಸರು ಬಂದಾಗ ನಾವು ನೊಂದಿದ್ದೇವೆ. ಇಂದು ನಮ್ಮ ಮನೆ ಕಟ್ಟಲು, ತೋಟದಲ್ಲಿ ದುಡಿಯಲು ದೂರದ ರಾಜ್ಯಗಳಿಂದ ಆಳುಗಳು ಬರುತ್ತಿದ್ದಾರೆ. ಊರಿನವರ ಕೆಲಸ ಕಿತ್ತುಕೊಂಡರೆಂದು ಅವರನ್ನು ದೂರುವವರೂ, ಊರಿನವರಿಗಿಂತ ಕಡಿಮೆ ಕೂಲಿಗೆ ಅವರನ್ನು ದುಡಿಸುವವರೂ ಒಮ್ಮೊಮ್ಮೆ ಒಬ್ಬರೇ ಆಗಿರುತ್ತಾರೆ. ಪ್ರಿಯ ವಾಚಕರೇ, ಮುಂದಿನ ಶನಿವಾರ ಆಳಿನ ಲೆಕ್ಕ ಚುಕ್ತಾ ಮಾಡುವಾಗ, ಅವನ ಊರನ್ನು ಕೇಳದೆ ಕೆಲಸವನ್ನಷ್ಟೇ ನೋಡಿ ಕೂಲಿ ಕೊಡೋಣ. ಲಂಡನ್ನಿನ ಕೂಲಿಗಳು ಕೇಳಿದ್ದೂ ಇಷ್ಟೇ. ಗಂಟೆಗೆ ಒಂದು ಪೆನ್ನಿ ಹೆಚ್ಚು.